ಕೀಲಿಕೈ ಬೇಡದ ಬೀಗ: ಕೊಳ್ಳುವ ಮುನ್ನ, ಕೊಂಡ ನಂತರ

ಒಂದು ಕಾಲಕ್ಕೆ ಅವಿಭಕ್ತ ಕುಟುಂಬದ ಯಜಮಾನಿಯ ಸೊಂಟದಲ್ಲಿ ತೂಗುತ್ತಿದ್ದ ಕೀಲಿಕೈ ಗೊಂಚಲು, ಮನೆಯ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ಮಾತಿಲ್ಲದೆ ಸಾರುತ್ತಿತ್ತು. ಅತ್ತೆ ಆ ಗೊಂಚಲನ್ನು ಸೊಸೆಗೆ ಒಪ್ಪಿಸಿದ ದಿನವೇ ಮನೆಯ ಆಡಳಿತವೂ ಕೈ ಬದಲಾಯಿಸಿತೆಂದು ನೆರೆಹೊರೆ ಅರ್ಥಮಾಡಿಕೊಳ್ಳುತ್ತಿತ್ತು. ಇಂದು ನಗರಗಳ ವಸತಿ ಸಮುಚ್ಚಯಗಳಲ್ಲಿ ಗೊಂಚಲಿನ ಜಾಗವನ್ನು ಅಂಕಿಗಳ ಫಲಕ, ಬೆರಳಚ್ಚು ಓದುವ ಗಾಜು ಮತ್ತು ಮೊಬೈಲ್ ತಂತ್ರಾಂಶಗಳು ಆಕ್ರಮಿಸಿಕೊಳ್ಳುತ್ತಿವೆ. ಕೀಲಿಕೈ ಮರೆತು ಬಾಗಿಲ ಮುಂದೆ ನಿಲ್ಲುವ, ಕೆಲಸದವರಿಗಾಗಿ ಪಕ್ಕದ ಮನೆಯಲ್ಲಿ ಕೀಲಿಕೈ ಇಟ್ಟುಹೋಗುವ ಗೋಜನ್ನು ತಪ್ಪಿಸುವ ಈ 'ಸ್ಮಾರ್ಟ್ ಲಾಕ್'ಗಳ ಅನುಕೂಲ ನಿಜವಾದದ್ದೇ. ಆದರೆ ಕೀಲಿಕೈ ಎಂಬ ವಸ್ತು ಹೋಗಿ 'ಅನುಮತಿ' ಎಂಬ ವ್ಯವಸ್ಥೆ ಬಂದಾಗ, ಆ ಅನುಮತಿಯನ್ನು ಕೊಡುವವರು ಯಾರು, ಹಿಂದಕ್ಕೆ ಪಡೆಯಬಲ್ಲವರು ಯಾರು, ವ್ಯವಸ್ಥೆಯೇ ಕೈಕೊಟ್ಟ ದಿನ ಒಳಹೋಗುವ ದಾರಿ ಯಾವುದು ಎಂಬ ಪ್ರಶ್ನೆಗಳು ಬೆಲೆ ಮತ್ತು ಬಣ್ಣಕ್ಕಿಂತ ಮುಖ್ಯವಾಗುತ್ತವೆ.

ಬೆಣೆಯಿಂದ ಕಾರ್ಡಿನವರೆಗೆ

ಒಳಗಿನ ಮರದ ಬೆಣೆಗಳನ್ನು ಮೇಲೆತ್ತಿ ಅಗುಳಿಯನ್ನು ಬಿಡಿಸುವ ಬೀಗ ಪ್ರಾಚೀನ ಈಜಿಪ್ಟಿನಲ್ಲೇ ಬಳಕೆಯಲ್ಲಿತ್ತು. ಅದೇ ತತ್ವವನ್ನು ಲೋಹದ ಪುಟ್ಟ ಸಿಲಿಂಡರಿಗೆ ಇಳಿಸಿ, ಜೇಬಿನಲ್ಲಿ ಹಿಡಿಸುವ ಚಪ್ಪಟೆ ಕೀಲಿಕೈಯನ್ನು ಬಳಕೆಗೆ ತಂದವರು ಅಮೆರಿಕದ ಲೈನಸ್ ಯೇಲ್ ಜೂನಿಯರ್. ಅವರಿಗೆ 1861 ಮತ್ತು 1865ರಲ್ಲಿ ಇದಕ್ಕಾಗಿ ಪೇಟೆಂಟ್‌ಗಳು ದೊರೆತವು. ಭಾರತದಲ್ಲಿ ಆರ್ದೇಶಿರ್ ಗೋದ್ರೆಜ್ 1897ರಲ್ಲಿ ಮುಂಬಯಿಯಲ್ಲಿ ಬೀಗ ತಯಾರಿಕೆ ಆರಂಭಿಸಿದರು. ಉತ್ತರ ಪ್ರದೇಶದ ಅಲೀಗಢ ಮತ್ತು ತಮಿಳುನಾಡಿನ ದಿಂಡಿಗಲ್ ಬೀಗಕ್ಕೆ ಹೆಸರಾದ ಊರುಗಳು. ದಿಂಡಿಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದಕ್ಕಿತು.

ಈ ಎಲ್ಲ ಬೀಗಗಳಲ್ಲೂ ಕೀಲಿಕೈ ಯಾರ ಬಳಿ ಇದೆಯೋ ಅವರೇ ಬಾಗಿಲಿನ ಒಡೆಯರು. ಕಳೆದುಹೋದರೆ ಬೀಗವನ್ನೇ ಬದಲಿಸಬೇಕು. ಈ ಕಟ್ಟುಪಾಡನ್ನು ಮುರಿದವರು ನಾರ್ವೆಯ ಟೋರ್ ಸೋರ್ನೆಸ್. 1970ರ ದಶಕದಲ್ಲಿ ಅವರು ಹೋಟೆಲುಗಳಿಗಾಗಿ ರಂಧ್ರಗಳುಳ್ಳ ಪ್ಲಾಸ್ಟಿಕ್ ಕಾರ್ಡಿನಿಂದ ತೆರೆಯುವ ಬೀಗವನ್ನು ರೂಪಿಸಿದರು. ಹೊಸ ಅತಿಥಿಗೆ ಹೊಸ ಕಾರ್ಡು. ಹಳೆಯ ಅತಿಥಿ ತನ್ನ ಕಾರ್ಡನ್ನು ಹಿಂದಿರುಗಿಸದಿದ್ದರೂ ಅದು ಬಾಗಿಲು ತೆರೆಯದು. ಕೀಲಿಕೈಯನ್ನು ಕಸಿದುಕೊಳ್ಳದೆಯೇ ರದ್ದುಪಡಿಸಬಹುದು ಎಂಬ ಈ ವಿಚಾರವೇ ಇಂದಿನ ಸ್ಮಾರ್ಟ್ ಲಾಕಿನ ಜೀವಾಳ. ಅದರ ದೊಡ್ಡ ಗುಣವೂ ದೊಡ್ಡ ಅಪಾಯವೂ ಇಲ್ಲಿಂದಲೇ ಹುಟ್ಟುತ್ತವೆ.

ಒಳಗಿರುವುದು ಹಳೆಯ ಅಗುಳಿಯೇ

ಹೊರನೋಟಕ್ಕೆ ಎಷ್ಟೇ ಆಧುನಿಕವಾಗಿ ಕಂಡರೂ ಬಾಗಿಲನ್ನು ಹಿಡಿದಿಡುವುದು ಉಕ್ಕಿನ ಅಗುಳಿಯೇ. ಬದಲಾಗಿರುವುದು ಅದನ್ನು ಬಿಡಿಸುವ ಕ್ರಮ ಮಾತ್ರ. ಹಿಡಿಕೆಯುಳ್ಳ ಅನೇಕ ಮಾದರಿಗಳಲ್ಲಿ ಪುಟ್ಟ ಮೋಟಾರು ಹಿಡಿಕೆಗೂ ಅಗುಳಿಗೂ ಇರುವ ಕೊಂಡಿಯನ್ನಷ್ಟೇ ಜೋಡಿಸುತ್ತದೆ. ಅಗುಳಿಯನ್ನು ಸರಿಸುವ ಶಕ್ತಿ ಮನುಷ್ಯನ ಕೈಯದು. ಹೀಗಾಗಿ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ. ಪೂರ್ಣ ಸ್ವಯಂಚಾಲಿತ ಮಾದರಿಗಳಲ್ಲಿ ಅಗುಳಿಯನ್ನು ಮೋಟಾರೇ ಸರಿಸುತ್ತದೆ. ಬಳಸಲು ಹಿತವಾದರೂ ಅದಕ್ಕೆ ವಿದ್ಯುತ್ತೂ ಹೆಚ್ಚು, ಬಾಗಿಲು ಚೌಕಟ್ಟಿಗೆ ಕರಾರುವಾಕ್ಕಾಗಿ ಹೊಂದಿಕೊಂಡಿರಬೇಕಾದ ಅಗತ್ಯವೂ ಹೆಚ್ಚು.

ಆದ್ದರಿಂದ ಆಯ್ಕೆ ಬಾಗಿಲಿನಿಂದ ಆರಂಭವಾಗಬೇಕು. ಬಾಗಿಲಿನ ದಪ್ಪ, ಹಲಗೆಯ ಅಂಚಿನಲ್ಲಿರುವ ಮರದ ಪಟ್ಟಿಯ ಅಗಲ, ಈಗಿರುವ ಬೀಗದ ಗೂಡಿನ ಅಳತೆ, ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ ಎಂಬುದನ್ನು ಬರೆದಿಟ್ಟುಕೊಂಡು ಅಂಗಡಿಗೆ ಹೋಗುವುದು ಕ್ಷೇಮ. ಬಾಗಿಲ ಹೊಟ್ಟೆಯೊಳಗೆ ಕೂರುವ 'ಮಾರ್ಟೈಸ್' ಮಾದರಿಗೆ ಗಟ್ಟಿಮರದ ಬಾಗಿಲು ಬೇಕು. ತೆಳುವಾದ ಅಥವಾ ಒಳಗೆ ಟೊಳ್ಳಾದ ಬಾಗಿಲಿಗೆ ದೊಡ್ಡ ಗೂಡು ಕೊರೆದರೆ ಬಾಗಿಲೇ ದುರ್ಬಲವಾಗುತ್ತದೆ. ಅಂಥಲ್ಲಿ ಒಳಮೈಗೆ ಅಂಟಿಕೊಂಡು ಕೂರುವ 'ರಿಮ್' ಮಾದರಿ ಸೂಕ್ತ. ಹಳೆಯ ಮನೆಗಳ ಜೋಡಿ ಬಾಗಿಲಿಗೆ ಹೊಂದುವ ಮಾದರಿಗಳು ಕಡಿಮೆ. ಒಂದು ಬಾಗಿಲನ್ನು ಮೇಲೆ ಕೆಳಗೆ ಚಿಲಕ ಹಾಕಿ ಭದ್ರವಾಗಿ ನಿಲ್ಲಿಸದಿದ್ದರೆ ಎಂಥ ಬೀಗವೂ ವ್ಯರ್ಥ.

ಮಲೆನಾಡು ಮತ್ತು ಕರಾವಳಿಯವರು ಇನ್ನೊಂದು ಅಂಶವನ್ನು ಗಮನಿಸಬೇಕು. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ. ಬೇಸಿಗೆಯಲ್ಲಿ ಸಲೀಸಾಗಿ ಕೂರುತ್ತಿದ್ದ ಅಗುಳಿ ಆಷಾಢದಲ್ಲಿ ಚೌಕಟ್ಟಿನ ತೂತಿಗೆ ತಾಗಿ ನಿಲ್ಲುತ್ತದೆ. ಕೈಯಿಂದ ಬಾಗಿಲನ್ನು ಎಳೆದು ಚಿಲಕ ಹಾಕುವ ಮನುಷ್ಯನಿಗೆ ಇದು ದೊಡ್ಡ ವಿಷಯವಲ್ಲವಾದರೂ ಮೋಟಾರಿಗೆ ದೊಡ್ಡ ಹೊರೆ. ಬಾಗಿಲಿನ ಅಂಚನ್ನು ತುಸು ಕೆತ್ತಿಸಿ, ತೂತನ್ನು ಸರಿಪಡಿಸಿದ ಮೇಲೆಯೇ ಬೀಗ ಕೂರಿಸುವುದು ಒಳಿತು. ಮಳೆ ಎರಚಲು ತಾಗುವ ಬಾಗಿಲಿಗೆ 'ಐಪಿ' ದರ್ಜೆಯನ್ನು ನೋಡಬೇಕು. ಅದರ ಮೊದಲ ಅಂಕಿ ಧೂಳಿನಿಂದ, ಎರಡನೆಯ ಅಂಕಿ ನೀರಿನಿಂದ ದೊರೆಯುವ ರಕ್ಷಣೆಯನ್ನು ತಿಳಿಸುತ್ತದೆ. ಐಪಿ 65 ಎಂದರೆ ಧೂಳು ಒಳನುಸುಳದು, ನೀರು ಚಿಮ್ಮಿದರೂ ತಡೆಯುತ್ತದೆ ಎಂದರ್ಥ.

ವಿದೇಶದಲ್ಲಿರುವ ಮಕ್ಕಳು ಉಡುಗೊರೆಯಾಗಿ ತರುವ ಬೀಗಗಳ ಬಗ್ಗೆಯೂ ಎಚ್ಚರ ಅಗತ್ಯ. ಅಮೆರಿಕದ 'ಡೆಡ್‌ಬೋಲ್ಟ್' ಬಾಗಿಲುಗಳಿಗೆಂದು ತಯಾರಾದ ಬೀಗ ಇಲ್ಲಿನ ಬಾಗಿಲಿಗೆ ಸಾಮಾನ್ಯವಾಗಿ ಕೂರುವುದಿಲ್ಲ. 'ಝಡ್-ವೇವ್' ಎಂಬ ನಿಸ್ತಂತು ಪದ್ಧತಿ ಅಮೆರಿಕದಲ್ಲಿ 908 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಭಾರತದಲ್ಲಿ 865 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುವುದರಿಂದ ಅಲ್ಲಿನ ಉಪಕರಣ ಇಲ್ಲಿನದರೊಡನೆ ಮಾತನಾಡದು.

ತೆರೆಯುವ ನಾಲ್ಕು ದಾರಿಗಳು

ಬೆರಳಚ್ಚು: ಅತ್ಯಂತ ಜನಪ್ರಿಯ ವಿಧಾನ. ಆದರೆ ಎಲ್ಲರ ಬೆರಳೂ ಒಂದೇ ಅಲ್ಲ. ವಯಸ್ಸಾದವರ, ಪಾತ್ರೆ ತೊಳೆದು, ಗಾರೆ ಕೆಲಸ ಮಾಡಿ ಸವೆದ ಕೈಗಳ ರೇಖೆಗಳನ್ನು ಯಂತ್ರ ಅನೇಕ ವೇಳೆ ಗುರುತಿಸುವುದಿಲ್ಲ. ಒದ್ದೆ ಕೈ, ಹಿಟ್ಟಿನ ಕೈಗಳದೂ ಇದೇ ಪಾಡು. ಬೆಳೆಯುವ ಮಕ್ಕಳ ಬೆರಳನ್ನು ಆಗಾಗ ಮತ್ತೆ ನೋಂದಾಯಿಸಬೇಕಾಗುತ್ತದೆ. ಪ್ರತಿಯೊಬ್ಬರದೂ ಎರಡು ಕೈಗಳಿಂದ ಕನಿಷ್ಠ ಎರಡು ಬೆರಳುಗಳನ್ನು ನೋಂದಾಯಿಸುವುದು ರೂಢಿಯಾಗಬೇಕು. ಕೊಳ್ಳುವ ಮುನ್ನ ಅಂಗಡಿಯಲ್ಲಿ ಪರೀಕ್ಷಿಸಬೇಕಾದದ್ದು ಮನೆಯ ಯುವಕನ ಬೆರಳನ್ನಲ್ಲ, ಅಜ್ಜಿಯ ಬೆರಳನ್ನು.

ಗುಪ್ತಸಂಖ್ಯೆ: ನಾಲ್ಕು ಅಂಕಿಗಳ ಸಂಖ್ಯೆಗೆ 10,000 ಸಾಧ್ಯತೆಗಳಿದ್ದರೆ ಆರು ಅಂಕಿಗಳದಕ್ಕೆ 10 ಲಕ್ಷ. ಆದರೆ ಫಲಕದ ಮೇಲೆ ಬೆರಳಿನ ಜಿಡ್ಡು ನಾಲ್ಕು ಅಂಕಿಗಳ ಮೇಲಷ್ಟೇ ಕಂಡರೆ ಉಳಿಯುವುದು ಕೇವಲ 24 ಸಾಧ್ಯತೆ. ನಿಜವಾದ ಸಂಖ್ಯೆಯ ಹಿಂದೆ ಮುಂದೆ ಬೇಕಾದ ಅಂಕಿಗಳನ್ನು ಒತ್ತಲು ಅವಕಾಶವಿರುವ, ಕೆಲವು ತಪ್ಪು ಪ್ರಯತ್ನಗಳ ನಂತರ ಸ್ವಲ್ಪ ಹೊತ್ತು ಸ್ತಬ್ಧವಾಗುವ ಮಾದರಿಯೇ ಮೇಲು. ಜನ್ಮದಿನ, ಕಾರಿನ ಸಂಖ್ಯೆ, ಮನೆಯ ಸಂಖ್ಯೆಗಳನ್ನು ಇಡಕೂಡದು.

ಕಾರ್ಡು: ಮಕ್ಕಳಿಗೂ ವೃದ್ಧರಿಗೂ ಸುಲಭ. ಆದರೆ ಕಾರ್ಡುಗಳ ಗುಣಮಟ್ಟದಲ್ಲಿ ಅಂತರವಿದೆ. ವ್ಯಾಪಕ ಬಳಕೆಯಲ್ಲಿದ್ದ 'ಮೈಫೇರ್ ಕ್ಲಾಸಿಕ್' ಚಿಪ್ಪಿನ ಗೂಢಲಿಪಿಯನ್ನು ನೆದರ್‌ಲೆಂಡ್ಸಿನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಭೇದಿಸಿ, ಅದನ್ನು ನಕಲು ಮಾಡಬಹುದೆಂದು ತೋರಿಸಿದ್ದರು.

ಮೊಬೈಲ್: ಬ್ಲೂಟೂತ್ ಮೂಲಕ ಬಾಗಿಲ ಬಳಿಯಿಂದ ಅಥವಾ ವೈ-ಫೈ ಮೂಲಕ ಎಲ್ಲಿಂದಲಾದರೂ ತೆರೆಯಬಹುದು. ಬಹುತೇಕ ಬೀಗಗಳು 2.4 ಗಿಗಾಹರ್ಟ್ಸ್ ವೈ-ಫೈಯನ್ನಷ್ಟೇ ಅರಿಯುತ್ತವೆ. ಬೇರೆ ಬೇರೆ ಕಂಪನಿಗಳ ಗೃಹೋಪಕರಣಗಳು ಪರಸ್ಪರ ಹೊಂದಿಕೊಳ್ಳಲೆಂದು 2022ರ ಅಕ್ಟೋಬರಿನಲ್ಲಿ ಬಿಡುಗಡೆಯಾದ 'ಮ್ಯಾಟರ್' ಎಂಬ ಮಾನದಂಡದಲ್ಲಿ ಬಾಗಿಲ ಬೀಗಗಳೂ ಸೇರಿವೆ.

ಈ ನಾಲ್ಕರ ಜೊತೆಗೆ ಐದನೆಯದಾಗಿ ಲೋಹದ ಕೀಲಿಕೈಯೂ ಇರುವ ಬೀಗವನ್ನೇ ಆರಿಸುವುದು ವಿವೇಕ. ಕೀಲಿಕೈಯ ತೂತೇ ಇಲ್ಲದ ಮಾದರಿಗಳು ನೋಡಲು ಚೆನ್ನ. ಆದರೆ ಕೆಟ್ಟುನಿಂತ ದಿನ ಬಾಗಿಲನ್ನು ಕೊರೆಸುವ ಪ್ರಸಂಗ ಬರಬಹುದು.

ಭದ್ರತೆಯ ಮಾತು

ಯಾವ ಬೀಗವೂ ಅಭೇದ್ಯವಲ್ಲ ಎಂಬುದು ಎಲೆಕ್ಟ್ರಾನಿಕ್ ಬೀಗಗಳಿಗೂ ಅನ್ವಯಿಸುತ್ತದೆ. ಜಪಾನಿನ ಯೊಕೊಹಾಮಾ ರಾಷ್ಟ್ರೀಯ ವಿಶ್ವವಿದ್ಯಾಲಯದ ತ್ಸುತೊಮು ಮಾತ್ಸುಮೊತೊ ಮತ್ತು ಸಂಗಡಿಗರು 2002ರಲ್ಲಿ ಜೆಲಟಿನ್‌ನಿಂದ ಮಾಡಿದ ಕೃತಕ ಬೆರಳುಗಳಿಂದ 11 ಬೆರಳಚ್ಚು ಸಾಧನಗಳನ್ನು ಮೋಸಗೊಳಿಸಿದ್ದರು. ಜೀವಂತ ಬೆರಳನ್ನು ಪತ್ತೆಹಚ್ಚುವ ತಂತ್ರಗಳು ಆನಂತರ ಸುಧಾರಿಸಿದರೂ ಅಗ್ಗದ ಸಾಧನಗಳಲ್ಲಿ ಅವು ಇದ್ದೇ ಇರುತ್ತವೆಂಬ ಭರವಸೆಯಿಲ್ಲ. 2016ರಲ್ಲಿ ಅಮೆರಿಕದ ಲಾಸ್ ವೇಗಾಸಿನಲ್ಲಿ ನಡೆದ 'ಡೆಫ್ ಕಾನ್' ಸಮಾವೇಶದಲ್ಲಿ ಇಬ್ಬರು ಸಂಶೋಧಕರು ತಾವು ಪರೀಕ್ಷಿಸಿದ 16 ಬ್ಲೂಟೂತ್ ಬೀಗಗಳ ಪೈಕಿ 12 ಬೀಗಗಳನ್ನು ತೆರೆಯಲು ಸಾಧ್ಯವಾಯಿತೆಂದು ಪ್ರಕಟಿಸಿದರು. ಕೆಲವು ಬೀಗಗಳು ಗುಪ್ತಪದವನ್ನು ಮುಚ್ಚುಮರೆಯಿಲ್ಲದೆ ಗಾಳಿಯಲ್ಲೇ ರವಾನಿಸುತ್ತಿದ್ದವು. 2022ರ ಮೇ ತಿಂಗಳಲ್ಲಿ ಎನ್‌ಸಿಸಿ ಸಮೂಹದ ಸಂಶೋಧಕರು, ದೂರದಲ್ಲಿರುವ ಫೋನಿನ ಬ್ಲೂಟೂತ್ ಸಂಕೇತವನ್ನು ಬಾಗಿಲವರೆಗೆ ದಾಟಿಸಿ ಫೋನು ಹತ್ತಿರವೇ ಇದೆಯೆಂದು ಬೀಗವನ್ನು ನಂಬಿಸಬಹುದೆಂದು ತೋರಿಸಿದರು. ಫೋನು ಸಮೀಪಿಸಿದೊಡನೆ ತಾನಾಗಿ ತೆರೆದುಕೊಳ್ಳುವ ಸೌಲಭ್ಯವನ್ನು ನಿಷ್ಕ್ರಿಯಗೊಳಿಸುವುದೇ ಇದಕ್ಕೆ ಸರಳ ಪರಿಹಾರ.

ಹಾಗೆಂದು ಮನೆಗಳ್ಳರೆಲ್ಲ ಗಣಕ ಪಂಡಿತರೆಂದು ಹೆದರಬೇಕಿಲ್ಲ. ಸಾಮಾನ್ಯ ಕಳ್ಳ ಹುಡುಕುವುದು ದುರ್ಬಲ ಚೌಕಟ್ಟು, ಹಿಂಬಾಗಿಲು ಮತ್ತು ತೆರೆದ ಕಿಟಕಿಯನ್ನು. ದುಬಾರಿ ಬೀಗವನ್ನು ಹೊತ್ತ ಚೌಕಟ್ಟಿನ ತಗಡಿಗೆ ಗಿಡ್ಡ ಮೊಳೆ ಹೊಡೆದಿದ್ದರೆ ಒಂದೇ ಒದೆತಕ್ಕೆ ಎಲ್ಲ ಮುಗಿಯಿತು. ಚೌಕಟ್ಟಿನ ತಗಡು, ಉದ್ದನೆಯ ತಿರುಪು ಮತ್ತು ಒಳ್ಳೆಯ ಸಿಲಿಂಡರಿಗೆ ತೆರುವ ಹಣ ಎಂದೂ ನಷ್ಟವಲ್ಲ.

ಕೈಕೊಡುವ ಗಳಿಗೆಗಳು

ವಿದ್ಯುತ್ ಕಡಿತಕ್ಕೆ ಈ ಬೀಗಗಳು ಅಂಜುವುದಿಲ್ಲ. ಇವು ನಡೆಯುವುದು ಬ್ಯಾಟರಿಯಿಂದ. ಸಾಮಾನ್ಯವಾಗಿ 1.5 ವೋಲ್ಟಿನ ನಾಲ್ಕು ಅಥವಾ ಎಂಟು ಆಲ್ಕಲೈನ್ ಸೆಲ್ಲುಗಳು ಆರು ತಿಂಗಳಿಂದ ಒಂದು ವರ್ಷ ಬಾಳುತ್ತವೆ. ವೈ-ಫೈ ಸದಾ ಚಾಲೂ ಇದ್ದರೆ ಬಾಳಿಕೆ ಕಡಿಮೆ. ಮರುಪೂರಣ ಮಾಡಬಲ್ಲ 1.2 ವೋಲ್ಟಿನ ಸೆಲ್ಲು ಹಾಕಿದರೆ ಮಟ್ಟ ತೋರಿಸುವ ಸೂಚಕ ದಾರಿ ತಪ್ಪುತ್ತದೆ. ಸೆಲ್ಲು ಪೂರ್ತಿ ಬರಿದಾದರೆ ಹೊರಗಿನಿಂದ 9 ವೋಲ್ಟ್ ಬ್ಯಾಟರಿ ತಾಗಿಸಿ ಅಥವಾ ಯುಎಸ್‌ಬಿ ತಂತಿಯ ಮೂಲಕ ತಾತ್ಕಾಲಿಕ ವಿದ್ಯುತ್ ಊಡುವ ಏರ್ಪಾಡು ಬಹುತೇಕ ಬೀಗಗಳಲ್ಲಿ ಇರುತ್ತದೆ. ಇದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು.

ವಿದ್ಯುತ್ ಹೋದಾಗ ಮನೆಯ ವೈ-ಫೈ ಪೆಟ್ಟಿಗೆ ನಿಲ್ಲುವುದರಿಂದ ದೂರದಿಂದ ತೆರೆಯುವ ಸೌಲಭ್ಯ ಮಾತ್ರ ಇಲ್ಲವಾಗುತ್ತದೆ. ಬೆರಳಚ್ಚು, ಗುಪ್ತಸಂಖ್ಯೆ ಮತ್ತು ಕಾರ್ಡುಗಳು ಅಂತರ್ಜಾಲವಿಲ್ಲದೆಯೂ ಕೆಲಸ ಮಾಡಬೇಕು. ಮಾಡದ ಬೀಗವನ್ನು ಮನೆಗೆ ತರಕೂಡದು. ಕಂಪನಿಯ ಸರ್ವರನ್ನೇ ನೆಚ್ಚಿದರೆ ಏನಾಗಬಹುದು ಎಂಬುದಕ್ಕೆ ನಿದರ್ಶನಗಳಿವೆ. 2017ರ ಆಗಸ್ಟಿನಲ್ಲಿ ಅಮೆರಿಕದ ಲಾಕ್‌ಸ್ಟೇಟ್ ಕಂಪನಿ ಕಳುಹಿಸಿದ ತಪ್ಪು ತಂತ್ರಾಂಶದಿಂದ ಸುಮಾರು 500 ಬೀಗಗಳ ಅಂಕಿ ಫಲಕಗಳು ಕೆಲಸ ನಿಲ್ಲಿಸಿದವು. ಲೋಹದ ಕೀಲಿಕೈ ಇದ್ದವರು ಬಚಾವಾದರು. 2022ರ ಏಪ್ರಿಲಿನಲ್ಲಿ ಇನ್‌ಸ್ಟಿಯಾನ್ ಎಂಬ ಗೃಹೋಪಕರಣ ಕಂಪನಿ ಮುನ್ಸೂಚನೆಯಿಲ್ಲದೆ ಸರ್ವರುಗಳನ್ನು ಮುಚ್ಚಿದಾಗ ಗ್ರಾಹಕರ ಮೊಬೈಲ್ ತಂತ್ರಾಂಶ ನಿಷ್ಪ್ರಯೋಜಕವಾಯಿತು. ಬೀಗದ ಕಬ್ಬಿಣ ಇಪ್ಪತ್ತು ವರ್ಷ ಬಾಳೀತು, ಅದರ ತಂತ್ರಾಂಶಕ್ಕೆ ಅಷ್ಟು ಆಯುಷ್ಯವಿರುತ್ತದೆಂದು ಹೇಳಲಾಗದು.

ಆದರೆ ಮನೆಮಂದಿಯನ್ನು ಹೆಚ್ಚಾಗಿ ಕಾಡುವುದು ಇಂಥ ದೊಡ್ಡ ಅವಘಡವಲ್ಲ, ಬಾಗಿಲು ಮುಚ್ಚಿದೊಡನೆ ತಾನಾಗಿ ಬೀಗ ಬೀಳುವ ಸೌಲಭ್ಯ. ನಸುಕಿನಲ್ಲಿ ರಂಗೋಲಿ ಇಡಲೆಂದೋ ಹಾಲಿನ ಪೊಟ್ಟಣ ಎತ್ತಿಕೊಳ್ಳಲೆಂದೋ ಬಂದವರ ಹಿಂದೆ ಗಾಳಿಗೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಫೋನು ಒಳಗೆ, ಒಲೆಯ ಮೇಲೆ ಹಾಲು, ತೊಟ್ಟಿಲಲ್ಲಿ ಮಗು. ರಂಗೋಲಿ ಪುಡಿ ಮೆತ್ತಿದ ಬೆರಳನ್ನು ಯಂತ್ರ ಒಲ್ಲೆನ್ನುತ್ತದೆ. ಮನೆಯ ಪ್ರತಿಯೊಬ್ಬರಿಗೂ ಬೆರಳಿನ ಜೊತೆಗೆ ಬಾಯಿಪಾಠವಾಗಿರುವ ಒಂದು ಸಂಖ್ಯೆ ಇರಲೇಬೇಕೆನ್ನುವುದು ಇದೇ ಕಾರಣಕ್ಕೆ. ಹಗಲಿನಲ್ಲಿ ಸ್ವಯಂಬೀಗವನ್ನು ನಿಲ್ಲಿಸಿಡುವುದೂ ತಪ್ಪಲ್ಲ.

ಬೆಂಕಿ ಅನಾಹುತದ ವೇಳೆ ಒಳಗಿನವರು ಹಿಡಿಕೆಯನ್ನು ಒಮ್ಮೆ ತಿರುವಿದರೆ ಬಾಗಿಲು ತೆರೆಯಬೇಕು; ಅದಕ್ಕೆ ವಿದ್ಯುತ್ತಾಗಲಿ ಸಂಖ್ಯೆಯಾಗಲಿ ಬೇಕಾಗಬಾರದು. ಈ ಒಂದು ಅಂಶದಲ್ಲಿ ರಾಜಿಗೆ ಅವಕಾಶವಿಲ್ಲ.

ಗೊಂಚಲು ಈಗ ಯಾರ ಸೊಂಟದಲ್ಲಿ?

ಪ್ರತಿ ಸ್ಮಾರ್ಟ್ ಲಾಕಿಗೂ ಒಬ್ಬ 'ಮುಖ್ಯ ನಿರ್ವಾಹಕ' ಇರುತ್ತಾರೆ. ಹೊಸಬರನ್ನು ಸೇರಿಸುವುದು, ಹಳಬರನ್ನು ತೆಗೆಯುವುದು, ಯಾರು ಎಷ್ಟು ಹೊತ್ತಿಗೆ ಬಂದರೆಂದು ನೋಡುವುದು ಇವೆಲ್ಲ ಅವರ ಕೈಯಲ್ಲಿ. ಸಾಮಾನ್ಯವಾಗಿ ಬೀಗ ಕೂರಿಸಿದ ದಿನ ಯಾರ ಫೋನು ಹತ್ತಿರವಿತ್ತೋ ಅವರೇ ನಿರ್ವಾಹಕರಾಗಿಬಿಡುತ್ತಾರೆ. ಅಧಿಕಾರದ ಈ ಹಸ್ತಾಂತರ ಯಾರ ಗಮನಕ್ಕೂ ಬರುವುದಿಲ್ಲ.

ಇದರ ಕರಾಳ ಮುಖ 2018ರ ಜೂನ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಪ್ರಕಟಿಸಿದ ವರದಿಯಲ್ಲಿ ಬೆಳಕಿಗೆ ಬಂತು. ಸ್ಮಾರ್ಟ್ ಉಪಕರಣಗಳು ಕೌಟುಂಬಿಕ ದೌರ್ಜನ್ಯದ ಅಸ್ತ್ರಗಳಾಗುತ್ತಿರುವುದನ್ನು ದಾಖಲಿಸಿದ ಆ ವರದಿಯಲ್ಲಿ, ಮುಂಬಾಗಿಲಿನ ಸಂಖ್ಯೆ ದಿನವೂ ಬದಲಾಗುತ್ತಿದ್ದು ಕಾರಣ ತಿಳಿಯದೆ ಕಂಗೆಟ್ಟ ಮಹಿಳೆಯೊಬ್ಬರ ಪ್ರಸಂಗವೂ ಇತ್ತು. ಬಾಡಿಗೆದಾರರ ಪಾಡೂ ಭಿನ್ನವಲ್ಲ. ನ್ಯೂಯಾರ್ಕ್ ನಗರದ ಕಟ್ಟಡವೊಂದರಲ್ಲಿ ಮಾಲೀಕರು ಅಳವಡಿಸಿದ ಸ್ಮಾರ್ಟ್ ಲಾಕಿನ ವಿರುದ್ಧ ಬಾಡಿಗೆದಾರರು ನ್ಯಾಯಾಲಯದ ಮೆಟ್ಟಿಲೇರಿದ್ದರು. 2019ರ ಮೇ ತಿಂಗಳ ಒಪ್ಪಂದದಂತೆ ಅವರಿಗೆ ಲೋಹದ ಕೀಲಿಕೈಗಳು ದೊರೆತವು. 2021ರಲ್ಲಿ ಆ ನಗರ ಬಾಡಿಗೆದಾರರ ಮಾಹಿತಿ ರಕ್ಷಣೆಗೆ ಪ್ರತ್ಯೇಕ ಕಾನೂನನ್ನೇ ಮಾಡಿತು.

ಭಾರತದಲ್ಲಿ ಬೀಗದ ಹೆಸರೆತ್ತಿ ಬರೆದ ಕಾನೂನು ಬೇಕಿಲ್ಲ. ಇರುವ ಕಾನೂನುಗಳೇ ಸಾಕಷ್ಟು ಹೇಳುತ್ತವೆ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ 17ನೇ ಕಲಮು ಹಂಚಿಕೊಂಡು ಬಾಳುವ ಮನೆಯಲ್ಲಿ ವಾಸಿಸುವ ಹಕ್ಕನ್ನು ಮಹಿಳೆಗೆ ಕೊಡುತ್ತದೆ. ಫೋನಿನಲ್ಲಿ ಆಕೆಯ ಬೆರಳಚ್ಚನ್ನು ಅಳಿಸಿದ ಮಾತ್ರಕ್ಕೆ ಆ ಹಕ್ಕು ಅಳಿಯದು. ಕಾನೂನಿನ ಕ್ರಮವಿಲ್ಲದೆ ಸ್ವಾಧೀನ ಕಳೆದುಕೊಂಡವರು ಆರು ತಿಂಗಳೊಳಗೆ ದಾವೆ ಹೂಡಿ ಅದನ್ನು ಮರಳಿ ಪಡೆಯಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮು ಅವಕಾಶ ನೀಡುತ್ತದೆ. ಬಾಡಿಗೆದಾರರ ಸಂಖ್ಯೆಯನ್ನು ರದ್ದುಪಡಿಸಿ ಹೊರಗಿಡಲು ಹೊರಡುವ ಮಾಲೀಕರು ಇದನ್ನು ನೆನಪಿಡಬೇಕು.

ಮನೆಗೆಲಸದವರ ವಿಷಯದಲ್ಲಿ ಕಾನೂನಿಗಿಂತ ಸೌಜನ್ಯದ ಪಾತ್ರ ದೊಡ್ಡದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿಯೊಬ್ಬರು ಸ್ವಂತ ಅಥವಾ ಗೃಹಬಳಕೆಗಾಗಿ ಇಟ್ಟುಕೊಳ್ಳುವ ಮಾಹಿತಿಗೆ ಅನ್ವಯಿಸುವುದಿಲ್ಲ. ಬೀಗ ಅವರ ಬಂದುಹೋಗುವ ವೇಳೆಯನ್ನು ದಾಖಲಿಸುತ್ತದೆಂದು ಮೊದಲೇ ತಿಳಿಸುವುದು, ಬೆರಳಚ್ಚಿನ ಬದಲು ನಿಗದಿತ ಹೊತ್ತಿಗೆ ಮಾತ್ರ ತೆರೆಯುವ ಸಂಖ್ಯೆ ಕೊಡುವುದು, ಕೆಲಸ ಬಿಟ್ಟ ದಿನವೇ ಅದನ್ನು ಅಳಿಸುವುದು ಇಬ್ಬರಿಗೂ ಹಿತ. ಯಾವುದಾದರೂ ವಸ್ತು ಕಾಣೆಯಾದಾಗ ಈ ದಾಖಲೆ ಅನುಮಾನಕ್ಕೆ ದಾರಿಯಾಗುವಂತೆ ನಿರಪರಾಧಿಗೆ ರಕ್ಷಣೆಯೂ ಆಗಬಲ್ಲದು. ಆದರೆ ಒಂದೇ ಸಂಖ್ಯೆಯನ್ನು ಐದು ಜನರಿಗೆ ಹಂಚಿದ ಮನೆಯಲ್ಲಿ ದಾಖಲೆಗೆ ಅರ್ಥವಿಲ್ಲ.

ನಿತ್ಯದ ರೂಢಿಗಳು

ಗೋದ್ರೆಜ್, ಯೇಲ್, ಫಿಲಿಪ್ಸ್ ಮುಂತಾದ ಹೆಸರುಗಳ ಬೀಗಗಳು ಭಾರತದ ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಯಾವುದನ್ನೇ ಕೊಂಡರೂ ಈ ಕೆಲವು ರೂಢಿಗಳು ಅನ್ವಯಿಸುತ್ತವೆ:

* ಕಾರ್ಖಾನೆಯಿಂದ ಬಂದ ಮೂಲ ಸಂಖ್ಯೆಯನ್ನು ಮೊದಲ ದಿನವೇ, ಬೀಗ ಕೂರಿಸಿದವರು ಹೊರಟ ಮೇಲೆ ಬದಲಿಸಬೇಕು.
* ನಿರ್ವಾಹಕರು ಇಬ್ಬರಿರಲಿ. ಒಬ್ಬರ ಫೋನು ಕಳೆದರೂ ಮನೆ ನಡೆಯಬೇಕು.
* ಲೋಹದ ಕೀಲಿಕೈಯನ್ನು ಮನೆಯೊಳಗಿನ ಕಪಾಟಿನಲ್ಲಿಟ್ಟರೆ ಪ್ರಯೋಜನವಿಲ್ಲ. ಒಂದು ಕಚೇರಿಯಲ್ಲೋ ನಂಬಿಕಸ್ಥ ನೆರೆಯವರ ಬಳಿಯೋ ಇರಲಿ. ವರ್ಷಕ್ಕೆರಡು ಬಾರಿ ಅದರಿಂದ ಬಾಗಿಲು ತೆರೆದು ನೋಡಬೇಕು.
* ಸೆಲ್ಲುಗಳನ್ನು ಎಚ್ಚರಿಕೆಯ ಸದ್ದು ಬರುವವರೆಗೆ ಕಾಯದೆ ಯುಗಾದಿಗೊಮ್ಮೆ, ಆಯುಧಪೂಜೆಗೊಮ್ಮೆ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕು.
* ಮಕ್ಕಳ ಮನೆಗೆಂದು ತಿಂಗಳುಗಟ್ಟಲೆ ವಿದೇಶಕ್ಕೆ ಹೋಗುವವರು ಹೊರಡುವ ಮುನ್ನ ಹೊಸ ಸೆಲ್ಲು ಹಾಕಬೇಕು. ಹಳೆಯವು ಸೋರಿ ಒಳಭಾಗವನ್ನು ಕೆಡಿಸಬಹುದು.
* ಮನೆ ಬದಲಿಸುವಾಗ ಎಲ್ಲ ಬೆರಳಚ್ಚು ಮತ್ತು ಸಂಖ್ಯೆಗಳನ್ನು ಅಳಿಸಿ, ತಂತ್ರಾಂಶದ ಖಾತೆಯಿಂದ ಬೀಗವನ್ನು ಬಿಡಿಸಬೇಕು. ಹೊಸದಾಗಿ ಬಂದವರೂ ಮತ್ತೊಮ್ಮೆ ಅಳಿಸುವುದು ಲೇಸು.
* ಊರಿನಲ್ಲಿ ದುರಸ್ತಿ ಮಾಡುವವರಿದ್ದಾರೆಯೇ, ತಂತ್ರಾಂಶದ ಪರಿಷ್ಕರಣೆ ಎಷ್ಟು ವರ್ಷ ದೊರೆಯುತ್ತದೆ ಎಂದು ಕೊಳ್ಳುವಾಗಲೇ ಕೇಳಬೇಕು.

ಇಷ್ಟೆಲ್ಲ ಆದ ಮೇಲೂ ಒಂದು ಕೆಲಸ ಉಳಿಯುತ್ತದೆ. ಬೀಗ ಕೂರಿಸಿದ ಸಂಜೆ ಮನೆಮಂದಿಯೆಲ್ಲ ಒಮ್ಮೆ ಹೊರಗೆ ನಿಂತು, ಫೋನುಗಳನ್ನು ಒಳಗೇ ಬಿಟ್ಟು ಬಾಗಿಲು ಹಾಕಿಕೊಳ್ಳಬೇಕು. ಲೋಹದ ಕೀಲಿಕೈ ಒಬ್ಬರ ಜೇಬಿನಲ್ಲಿರಲಿ. ಆಮೇಲೆ ಅಜ್ಜಿಯಿಂದ ಮೊಮ್ಮಗಳವರೆಗೆ ಪ್ರತಿಯೊಬ್ಬರೂ ಬೇರೆಯವರ ನೆರವಿಲ್ಲದೆ ಒಳಗೆ ಬಂದು ತೋರಿಸಬೇಕು. ಯಾರಾದರೊಬ್ಬರು ಹೊರಗೇ ಉಳಿದರೆ ಬೀಗದ ಜೋಡಣೆ ಇನ್ನೂ ಮುಗಿದಿಲ್ಲವೆಂದೇ ತಿಳಿಯಬೇಕು.